ಕದ್ದು ತೆಗೆದ ಫೋಟೋ ನಿಜ, ಪೋಸ್ ಕೊಟ್ಟ ಫೋಟೋ ಸುಳ್ಳು: ಈ ಮಾತು ಎಷ್ಟು ಸರಿ?

ಕಪ್ಪು-ಬಿಳುಪಿನ ಒಂದು ಫೋಟೋ. ನಾವಿಕನೊಬ್ಬ ಬಿಳಿ ಉಡುಪಿನ ಯುವತಿಯನ್ನು ತೋಳಿನಲ್ಲಿ ಹಿಂದಕ್ಕೆ ಬಾಗಿಸಿ ಮುತ್ತಿಡುತ್ತಿದ್ದಾನೆ. ಸುತ್ತಲಿನವರು ನೋಡಿ ನಗುತ್ತಿದ್ದಾರೆ. ಕೆಳಗೆ ಯಾರೋ ಬರೆದಿರುತ್ತಾರೆ: ಯುದ್ಧ ಮುಗಿಸಿ ಬಂದ ಸೈನಿಕ ತನ್ನ ಪ್ರೇಯಸಿಯನ್ನು ಕಂಡ ಕ್ಷಣ, ನಿಜವಾದ ಪ್ರೀತಿ ಅಂದರೆ ಇದೇ, ಶೇರ್ ಮಾಡಿ.

ಇನ್ನೊಂದು ಫೋಟೋ ಪ್ಯಾರಿಸ್‌ನದು. ಜನ ಓಡಾಡುವ ರಸ್ತೆಯ ಪಕ್ಕದಲ್ಲಿ ಯುವಕ-ಯುವತಿ ನಡೆಯುತ್ತಲೇ ಮುತ್ತಿಡುತ್ತಿದ್ದಾರೆ. ದಾರಿಹೋಕರಿಗೆ ಅದರ ಪರಿವೆಯೇ ಇಲ್ಲ. ಇದನ್ನು ಕಳಿಸಿದರೆ ಗುಂಪಿನ ಯಾರಾದರೊಬ್ಬ ತಿಳಿದವರು ಕೂಡಲೇ ಉತ್ತರಿಸುತ್ತಾರೆ: ‘ಅದು ಫೇಕ್ ಕಣ್ರೀ, ನಟರನ್ನು ನಿಲ್ಲಿಸಿ ತೆಗೆದದ್ದು.’

ಮೊದಲನೆಯದು ಕ್ಯಾಂಡಿಡ್, ಅಂದರೆ ಯಾರನ್ನೂ ಕೇಳದೆ, ನಡೆದದ್ದನ್ನು ನಡೆದಂತೆ ಹಿಡಿದದ್ದು. ಎರಡನೆಯದು ಹೇಳಿ ಮಾಡಿಸಿದ ಪೋಸ್. ಇಷ್ಟು ಸರಿಯೇ. ಆದರೆ ಮೊದಲನೆಯ ಫೋಟೋದಲ್ಲಿರುವ ಇಬ್ಬರಿಗೆ ಪರಸ್ಪರ ಪರಿಚಯವೇ ಇರಲಿಲ್ಲ. ಎರಡನೆಯದರಲ್ಲಿರುವ ಇಬ್ಬರು ಆ ಹೊತ್ತಿಗೆ ನಿಜವಾಗಿಯೂ ಪ್ರೇಮಿಗಳು. ನಿಜವಾದ ಪ್ರೀತಿ ಹುಡುಕುತ್ತಿರುವವರು ಶೇರ್ ಮಾಡಬೇಕಾದದ್ದು ಎರಡನೆಯದನ್ನು!

ಟೈಮ್ಸ್ ಸ್ಕ್ವೇರ್‌ನಲ್ಲಿ ನಡೆದದ್ದು ಏನು?

1945ರ ಆಗಸ್ಟ್ 14. ಜಪಾನ್ ಶರಣಾಗುತ್ತದೆ ಎಂಬ ಸುದ್ದಿಗೆ ನ್ಯೂಯಾರ್ಕ್‌ನ ಜನ ಟೈಮ್ಸ್ ಸ್ಕ್ವೇರ್‌ನಲ್ಲಿ ಸೇರಿದ್ದರು. ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕ ಆಲ್ಫ್ರೆಡ್ ಐಸೆನ್‌ಸ್ಟಾಟ್ ಒಬ್ಬ ನಾವಿಕನನ್ನು ಗಮನಿಸುತ್ತಿದ್ದರು. ಎದುರು ಸಿಕ್ಕ ಹೆಂಗಸರನ್ನೆಲ್ಲ ಹಿಡಿದು ಮುತ್ತಿಡುತ್ತ ಆತ ಸಾಗುತ್ತಿದ್ದ ಎಂದು ಐಸೆನ್‌ಸ್ಟಾಟ್ ಅವರೇ ಮುಂದೆ ವಿವರಿಸಿದರು. ಬಿಳಿ ಉಡುಪಿನ ಯುವತಿಯನ್ನು ಆತ ಹಿಡಿದಾಗ ಅವರು ನಾಲ್ಕು ಸಲ ಕ್ಲಿಕ್ ಮಾಡಿದರು. ಅದರಲ್ಲಿ ಒಂದು ಲೋಕಪ್ರಸಿದ್ಧವಾಯಿತು. ಇದು ಪೋಸ್ ಅಲ್ಲ ಎನ್ನುವುದಕ್ಕೆ ಇನ್ನೊಂದು ಸಾಕ್ಷಿಯೂ ಇದೆ. ನೌಕಾಪಡೆಯ ಛಾಯಾಗ್ರಾಹಕ ವಿಕ್ಟರ್ ಯಾರ್ಗನ್‌ಸನ್ ಅದೇ ಮುತ್ತನ್ನು ಬೇರೆ ಕೋನದಿಂದ ತೆಗೆದಿದ್ದಾರೆ.

ಅವರಿಬ್ಬರು ಯಾರು? ಆ ಗಡಿಬಿಡಿಯಲ್ಲಿ ಹೆಸರು ಬರೆದುಕೊಂಡವರಿಲ್ಲ. ಮುಂದೆ ಹಲವರು ‘ಅದು ನಾನೇ’ ಎಂದು ಮುಂದೆ ಬಂದರು. ಹೆಚ್ಚಿನವರು ಒಪ್ಪಿರುವ ಹೆಸರುಗಳು ಜಾರ್ಜ್ ಮೆಂಡೋನ್ಸಾ ಮತ್ತು ಗ್ರೆಟಾ ಫ್ರೀಡ್‌ಮನ್. ಗ್ರೆಟಾ ಫೋಟೋದಲ್ಲಿ ನರ್ಸ್‌ನಂತೆ ಕಂಡರೂ ಹಲ್ಲಿನ ವೈದ್ಯರ ಬಳಿ ಸಹಾಯಕಿಯಾಗಿದ್ದವರು. ಒಪ್ಪದವರೂ ಇದ್ದಾರೆ, ಅವರ ವಾದ ವಿಜ್ಞಾನ ಇಷ್ಟಪಡುವವರಿಗೆ ರುಚಿಸುವಂಥದ್ದು. ಟೆಕ್ಸಾಸ್‌ನ ಖಗೋಳ ವಿಜ್ಞಾನಿ ಡೊನಾಲ್ಡ್ ಓಲ್ಸನ್ ಮತ್ತು ಸಂಗಡಿಗರು ಫೋಟೋದ ಹಿನ್ನೆಲೆಯ ಕಟ್ಟಡದ ಮೇಲೆ ಬಿದ್ದಿರುವ ನೆರಳನ್ನು ಅಳೆದರು. ಅದು ಹತ್ತಿರದ ಹೋಟೆಲೊಂದರ ಫಲಕದ ನೆರಳು. ಆ ದಿನ ಸೂರ್ಯ ಎಲ್ಲಿದ್ದರೆ ನೆರಳು ಅಲ್ಲಿ ಬೀಳಬಹುದು ಎಂದು ಲೆಕ್ಕ ಹಾಕಿ, ಫೋಟೋ ತೆಗೆದದ್ದು ಸಂಜೆ 5 ಗಂಟೆ 51 ನಿಮಿಷಕ್ಕೆ ಎಂದು 2015ರಲ್ಲಿ ಪ್ರಕಟಿಸಿದರು. ಮೆಂಡೋನ್ಸಾ ಹೇಳುತ್ತಿದ್ದದ್ದು ಮಧ್ಯಾಹ್ನದ ಮಾತು. ಹಾಗಾಗಿ ಹೆಸರಿನ ಜಗಳ ಇನ್ನೂ ಮುಗಿದಿಲ್ಲ.

ಆದರೆ ನಮ್ಮ ಪ್ರಶ್ನೆಗೆ ಈ ಜಗಳ ಅಡ್ಡಿಯಲ್ಲ. ‘ಅದು ನಾನೇ’ ಎಂದ ಇನ್ನೊಬ್ಬ ಮಹಿಳೆ ಈಡಿತ್ ಶೇನ್ ಕೂಡ, ಮುತ್ತಿಟ್ಟವನು ಅಪರಿಚಿತ ಎಂದೇ ಹೇಳಿದ್ದರು. ಗ್ರೆಟಾ ಅವರಂತೂ 2005ರ ಸಂದರ್ಶನದಲ್ಲಿ, ಮುತ್ತು ತನ್ನ ಆಯ್ಕೆ ಆಗಿರಲಿಲ್ಲ, ಆತ ಬಂದು ಹಿಡಿದುಕೊಂಡ ಎಂದು ನೇರವಾಗಿ ಹೇಳಿದರು. ಮೆಂಡೋನ್ಸಾ ಜೊತೆ ಅಂದು ಆತನ ಗೆಳತಿ ಇದ್ದಳು, ಮುಂದೆ ಅವನನ್ನು ಮದುವೆಯಾದದ್ದೂ ಆಕೆಯೇ. ಅವರ ಪ್ರಕಾರ ಫೋಟೋದಲ್ಲಿ ನಾವಿಕನ ಹಿಂದೆ ನಗುತ್ತಿರುವ ಮುಖ ಆ ಗೆಳತಿಯದು.

ಈಗ ಫೋಟೋವನ್ನು ಮತ್ತೆ ನೋಡಿ. ನಾವಿಕನ ತೋಳು ಆಕೆಯ ಕುತ್ತಿಗೆಯನ್ನು ಸುತ್ತಿರುವ ರೀತಿ, ಆಕೆಯ ಕೈ ಎಲ್ಲಿದೆ ಎಂಬುದು ಈಗ ಬೇರೆಯಾಗಿ ಕಾಣುತ್ತದೆ. ಕ್ಯಾಮೆರಾ ಸುಳ್ಳು ಹೇಳಲಿಲ್ಲ. ಅಲ್ಲಿ ನಡೆದದ್ದು ಹಾಗೇ ನಡೆದದ್ದೇ. ಸುಳ್ಳು ಇದ್ದದ್ದು ನಾವು ಅಂಟಿಸಿದ ಅಡಿಬರಹದಲ್ಲಿ.

ಪ್ಯಾರಿಸ್‌ನ ಪೋಸ್

ಪ್ಯಾರಿಸ್‌ನ ಫೋಟೋ 1950ರದು, ತೆಗೆದವರು ರಾಬೇರ್ ದುವಾನೋ. ಪ್ಯಾರಿಸ್‌ನ ಪ್ರೇಮಿಗಳ ಬಗ್ಗೆ ಅವರಿಗೆ ಕೆಲಸ ಒಪ್ಪಿಸಿದ್ದು ಅದೇ ‘ಲೈಫ್’ ಪತ್ರಿಕೆ. ನಾಟಕ ಕಲಿಯುತ್ತಿದ್ದ ಫ್ರಾನ್ಸ್ವಾಸ್ ಬೋರ್ನೆ ಮತ್ತು ಆಕೆಯ ಗೆಳೆಯ ಜಾಕ್ ಕಾರ್ತೋ ಮುತ್ತಿಡುವುದನ್ನು ದುವಾನೋ ಕಂಡರು. ಕದ್ದು ಕ್ಲಿಕ್ ಮಾಡಲಿಲ್ಲ. ಹೋಗಿ ಮಾತಾಡಿಸಿದರು, ನನಗಾಗಿ ಮತ್ತೊಮ್ಮೆ ಹಾಗೆ ಮಾಡುತ್ತೀರಾ ಎಂದು ಕೇಳಿದರು. ಅವರು ಒಪ್ಪಿದರು. ಊರಿನ ಎರಡು ಮೂರು ಕಡೆ ಫೋಟೋ ತೆಗೆದರು, ನಗರಸಭೆಯ ಕಟ್ಟಡದ ಮುಂದಿನದು ಉಳಿಯಿತು.

ಪತ್ರಿಕೆಯಲ್ಲಿ ಬಂದಾಗ ಅದು ಮಾಡಿಸಿದ್ದು ಎಂದು ಓದುಗರಿಗೆ ಗೊತ್ತಾಗಲಿಲ್ಲ. 1980ರ ದಶಕದಲ್ಲಿ ಪೋಸ್ಟರ್ ಆಗಿ ಬಂದ ಮೇಲೆ ಹಾಸ್ಟೆಲ್ ಕೋಣೆಗಳ ಗೋಡೆಗಳಿಗೆಲ್ಲ ಹತ್ತಿತು. ಆಗ ಬೇರೊಂದು ದಂಪತಿ ‘ಆ ಫೋಟೋದಲ್ಲಿರುವುದು ನಾವು, ನಮ್ಮನ್ನು ಕೇಳದೆ ತೆಗೆದಿದ್ದಾರೆ’ ಎಂದು ಕೋರ್ಟಿಗೆ ಹೋದರು. ಫ್ರಾನ್ಸ್‌ನಲ್ಲಿ ತನ್ನ ಚಿತ್ರದ ಮೇಲೆ ವ್ಯಕ್ತಿಗೆ ಹಕ್ಕಿದೆ. ದುವಾನೋ ಬಚಾವಾಗಲು ಒಂದೇ ದಾರಿ, ಸತ್ಯ ಹೇಳುವುದು. ಅದು ಪೋಸ್, ಬೇರೆಯವರನ್ನು ಕೇಳಿ ತೆಗೆದದ್ದು ಎಂದು ಒಪ್ಪಿಕೊಂಡರು. ನಿಜವಾದ ಬೋರ್ನೆ, ದುವಾನೋ ಅಂದು ಸಹಿ ಮಾಡಿ ಕೊಟ್ಟಿದ್ದ ಪ್ರತಿಯೊಂದಿಗೆ ಮುಂದೆ ಬಂದರು, ತನಗೂ ಪಾಲು ಬೇಕೆಂದು ಆಕೆಯೂ ದಾವೆ ಹೂಡಿದರು. ಇಬ್ಬರೂ ಸೋತರು. ಆದರೆ ದುವಾನೋ ಗೆದ್ದರೆನ್ನಲು ಮನಸ್ಸು ಬರುವುದಿಲ್ಲ. ನಲವತ್ತು ವರ್ಷ ಜನ ಕ್ಯಾಂಡಿಡ್ ಎಂದು ಮೆಚ್ಚಿದ್ದರ ಗುಟ್ಟು ಬಯಲಾಗಿತ್ತು. ಅವರು 1994ರಲ್ಲಿ ತೀರಿಕೊಂಡರು. ಬೋರ್ನೆ ತನ್ನ ಪ್ರತಿಯನ್ನು 2005ರಲ್ಲಿ ಹರಾಜಿಗಿಟ್ಟಾಗ 1,55,000 ಯೂರೋಗೆ ಹೋಯಿತು.

ಅಪರಿಚಿತ ಜೋಡಿಗಳನ್ನು ಕದ್ದು ತೆಗೆಯಲು ಯಾಕೆ ಹಿಂಜರಿದರು ಎಂಬುದಕ್ಕೆ ದುವಾನೋ ತಮಾಷೆಯ ಕಾರಣ ಕೊಡುತ್ತಿದ್ದರು: ರಸ್ತೆಯಲ್ಲಿ ಮುತ್ತಿಡುವವರು ಗಂಡ-ಹೆಂಡಿರಾಗಿರುವುದು ಅಪರೂಪ. ತಮಾಷೆಯ ಹಿಂದೆ ಗಟ್ಟಿ ವಿಚಾರವಿದೆ. ಪೋಸ್ ಕೇಳುವುದೆಂದರೆ ಒಪ್ಪಿಗೆ ಕೇಳುವುದೂ ಹೌದು. ಟೈಮ್ಸ್ ಸ್ಕ್ವೇರ್‌ನ ಯುವತಿಯನ್ನು ನಾವಿಕನೂ ಕೇಳಲಿಲ್ಲ, ಛಾಯಾಗ್ರಾಹಕನೂ ಕೇಳಲಿಲ್ಲ.

ಪೋಸ್ ಅಂದರೆ ಯಾವುದಕ್ಕೆ ಅನ್ನಬೇಕು?

ಇಲ್ಲಿ ಒಂದು ಗೆರೆ ಎಳೆದು ಆ ಕಡೆ ನಿಜ, ಈ ಕಡೆ ಸುಳ್ಳು ಎನ್ನಲಾಗದು. ನಮ್ಮೂರ ಮದುವೆಗಳನ್ನೇ ನೋಡಿ. ‘ಕ್ಯಾಂಡಿಡ್ ಫೋಟೋಗ್ರಫಿ’ ಎಂದು ಬೇರೆಯೇ ಪ್ಯಾಕೇಜ್ ಇರುತ್ತದೆ, ಅದಕ್ಕೆ ದುಡ್ಡೂ ಹೆಚ್ಚು. ಕ್ಯಾಮೆರಾದವರು ಮಾತ್ರ ‘ಮೇಡಂ, ಸ್ವಲ್ಪ ಆ ಕಡೆ ತಿರುಗಿ, ನಾನಿಲ್ಲ ಅಂದ್ಕೊಂಡು ನಗಿ’ ಎಂದು ಹೇಳುತ್ತಲೇ ಇರುತ್ತಾರೆ. ಅದರಲ್ಲಿ ಮೋಸವೇನೂ ಇಲ್ಲ, ಮದುವೆ ಆಲ್ಬಂ ಪತ್ರಿಕೆಯ ವರದಿಯಲ್ಲ.

ಇನ್ನು, ಮೊದಮೊದಲು ಕ್ಯಾಂಡಿಡ್ ಎನ್ನುವುದು ಸಾಧ್ಯವೇ ಇರಲಿಲ್ಲ. 1838ರಲ್ಲಿ ಲೂಯಿ ದಾಗೆರ್ ಪ್ಯಾರಿಸ್‌ನ ಗಿಜಿಗುಡುವ ಬೀದಿಯೊಂದನ್ನು ಚಿತ್ರಿಸಿದಾಗ ತಟ್ಟೆಯ ಮೇಲೆ ಬೆಳಕು ಅಚ್ಚಾಗಲು ಹಲವು ನಿಮಿಷ ಬೇಕಾಯಿತು. ಓಡಾಡಿದ ಜನ, ಗಾಡಿ, ಕುದುರೆ ಎಲ್ಲ ಮಾಯ. ಉಳಿದದ್ದು ಶೂ ಪಾಲಿಶ್ ಮಾಡಿಸಿಕೊಳ್ಳಲು ಅಲುಗಾಡದೆ ನಿಂತಿದ್ದ ಒಬ್ಬ ಮನುಷ್ಯ! ಯಾರೂ ಪೋಸ್ ಕೊಡದ, ಏನೂ ತಿದ್ದದ ಈ ಚಿತ್ರದಲ್ಲಿ ಬೀದಿ ಖಾಲಿಯಾಗಿ ಕಾಣುತ್ತದೆ. ಅಜ್ಜ-ಅಜ್ಜಿಯರ ಕಾಲದ ಫೋಟೋಗಳಲ್ಲಿ ಎಲ್ಲರೂ ಬಿಗಿದುಕೊಂಡು ಕೂತಿರುವುದಕ್ಕೂ ಈ ನಿಧಾನದ ಕ್ಯಾಮೆರಾಗಳ ಅಭ್ಯಾಸ ಒಂದು ಕಾರಣ.

ಹಾಗೆಂದು ಎಲ್ಲ ಪೋಸ್‌ಗೂ ಮಾಫಿ ಇಲ್ಲ. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಯುದ್ಧಭೂಮಿಯಲ್ಲಿ ಅಲೆಕ್ಸಾಂಡರ್ ಗಾರ್ಡ್ನರ್ ತೆಗೆದ ಪ್ರಸಿದ್ಧ ಚಿತ್ರದಲ್ಲಿ, ಬಂಡೆಗಳ ನಡುವಿನ ಅಡಗುದಾಣದಲ್ಲಿ ಗುರಿಕಾರನೊಬ್ಬ ಸತ್ತುಬಿದ್ದಿದ್ದಾನೆ. 1970ರ ದಶಕದಲ್ಲಿ ವಿಲಿಯಂ ಫ್ರಾಸನಿಟೋ ಎಂಬ ಸಂಶೋಧಕ ಅಂದಿನ ಫೋಟೋಗಳನ್ನೆಲ್ಲ ಸ್ಥಳದೊಂದಿಗೆ ಹೋಲಿಸಿ ನೋಡಿದರು. ಅದೇ ಶವ ಹತ್ತಾರು ಗಜ ದೂರದ ಬೇರೊಂದು ಜಾಗದ ಫೋಟೋಗಳಲ್ಲೂ ಇತ್ತು. ಒಳ್ಳೆಯ ಹಿನ್ನೆಲೆಗಾಗಿ ಹೆಣವನ್ನು ಎತ್ತಿ ತಂದಿದ್ದರು.

ಪ್ರತಿ ಆಗಸ್ಟ್‌ಗೂ ಬರುವ ಪುಸ್ತಕಗಳ ಫೋಟೋ

ನಮ್ಮ ಮೊಬೈಲ್‌ಗಳಿಗೆ ಹತ್ತಿರದ ಉದಾಹರಣೆ ಇದು. ಸ್ವಾತಂತ್ರ್ಯ ದಿನ ಬಂತೆಂದರೆ ಒಂದು ಫೋಟೋ ಹರಿದಾಡುತ್ತದೆ: ದೆಹಲಿಯ ಗ್ರಂಥಾಲಯದಲ್ಲಿ ಒಬ್ಬರು ತಲೆಗೆ ಕೈಕೊಟ್ಟು ಕೂತಿದ್ದಾರೆ, ಅವರ ಎರಡೂ ಕಡೆ ಪುಸ್ತಕದ ರಾಶಿ, ಒಂದರ ಮೇಲೆ ‘ಇಂಡಿಯಾ’, ಇನ್ನೊಂದರ ಮೇಲೆ ‘ಪಾಕಿಸ್ತಾನ’ ಎಂಬ ಫಲಕ. ದೇಶ ಒಡೆದಾಗ ಪುಸ್ತಕಗಳನ್ನೂ ಹೀಗೆ ಹಂಚಿದರು ಎಂಬುದು ಸಂದೇಶ.

ಇದನ್ನು ತೆಗೆದವರು ಡೇವಿಡ್ ಡಗ್ಲಸ್ ಡಂಕನ್, ಪ್ರಕಟವಾದದ್ದು 1947ರ ಆಗಸ್ಟ್‌ನಲ್ಲಿ, ಮತ್ತೆ ‘ಲೈಫ್’ ಪತ್ರಿಕೆಯಲ್ಲೇ. ಚಿತ್ರದಲ್ಲಿರುವವರು ಬಿ.ಎಸ್. ಕೇಶವನ್, ಮುಂದೆ ಸ್ವತಂತ್ರ ಭಾರತದ ರಾಷ್ಟ್ರೀಯ ಗ್ರಂಥಾಲಯದ ಮೊದಲ ಗ್ರಂಥಪಾಲಕರಾದವರು. (ಹೆಸರಿನ ‘ಬಿ’ ಎಂದರೆ ಬಳ್ಳಾರಿ.) ಆದರೆ ಸಂಶೋಧಕರು ದಾಖಲೆ ಕೆದಕಿದಾಗ ಆ ಗ್ರಂಥಾಲಯ ಹಾಗೆ ಎರಡು ಪಾಲಾದದ್ದಕ್ಕೆ ಆಧಾರ ಸಿಗಲಿಲ್ಲ. ಪುಸ್ತಕದ ರಾಶಿಗೆ ದೊಡ್ಡದಾಗಿ ಫಲಕ ಬರೆದು ನಡುವೆ ಒಬ್ಬರನ್ನು ಕೂರಿಸಿದ ಚಿತ್ರಕ್ಕೆ ಪೋಸ್ ಎಂದೇ ಹೇಳಬೇಕು.

ವಿಭಜನೆಯ ಸಂಕಟ ಸುಳ್ಳಲ್ಲ. ಸರ್ಕಾರದ ಆಸ್ತಿ, ಸೇನೆ, ಹಣ, ಕಚೇರಿಯ ಸಾಮಾನು ಎಲ್ಲ ಹಂಚಿಕೆಯಾದದ್ದು ನಿಜ. ಹಾಗಾಗಿ ಈ ಫೋಟೋ ಒಂದು ದೊಡ್ಡ ನಿಜಕ್ಕೆ ಬರೆದ ಚಿತ್ರದಂತಿದೆ. ತೊಂದರೆ ಏನೆಂದರೆ ಫೋಟೋವನ್ನು ನಾವು ಬರೆದ ಚಿತ್ರವೆಂದು ಓದುವುದಿಲ್ಲ, ಸಾಕ್ಷಿ ಎಂದು ಓದುತ್ತೇವೆ. ನನ್ನ ಮಟ್ಟಿಗೆ ಇದು ದುವಾನೋ ಮುತ್ತಿಗಿಂತ ಹೆಚ್ಚು ತಪ್ಪು. ಅಲ್ಲಿ ಪ್ರೇಮಿಗಳಾದರೂ ಪ್ರೇಮಿಗಳೇ ಆಗಿದ್ದರು. ಇಲ್ಲಿ ಚಿತ್ರ ತೋರಿಸುವ ಘಟನೆಯೇ ನಡೆಯಲಿಲ್ಲ.

‘ಇದು ಪೋಸ್’ ಎಂಬುದೇ ಸುಳ್ಳಾಗಿದ್ದರೆ?

ಅನುಮಾನ ಪಡುವುದು ಒಳ್ಳೆಯದು, ಆದರೆ ಅನುಮಾನವೂ ಫಾರ್ವರ್ಡ್ ಆಗುತ್ತದೆ. 1945ರ ಫೆಬ್ರುವರಿ 23ರಂದು ಇವೋ ಜಿಮಾ ದ್ವೀಪದ ಬೆಟ್ಟದ ಮೇಲೆ ಅಮೆರಿಕದ ಆರು ಸೈನಿಕರು ಧ್ವಜ ನೆಡುವ ಫೋಟೋ ತೆಗೆದವರು ಜೋ ರೋಸೆಂತಾಲ್. ಅದು ನಿಲ್ಲಿಸಿ ತೆಗೆದದ್ದು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಆ ಮಾತು ಹುಟ್ಟಿದ್ದು ಹೀಗೆ: ಬೆಳಿಗ್ಗೆಯೇ ಒಂದು ಚಿಕ್ಕ ಧ್ವಜ ಹಾರಿಸಿದ್ದರು. ಅದನ್ನಿಳಿಸಿ ದೊಡ್ಡದನ್ನು ಏರಿಸುವಾಗ ರೋಸೆಂತಾಲ್ ಅಲ್ಲಿದ್ದರು, ಎತ್ತರಕ್ಕಾಗಿ ಕಲ್ಲು ಪೇರಿಸಿ ನಿಂತರು, ಆ ಕ್ಷಣವನ್ನು ಇನ್ನೇನು ತಪ್ಪಿಸಿಕೊಳ್ಳುವವರಿದ್ದರು. ನಂತರ ಸೈನಿಕರನ್ನು ಧ್ವಜದ ಕೆಳಗೆ ಗುಂಪಾಗಿ ನಿಲ್ಲಿಸಿ, ಕೈ ಎತ್ತಿ ಕೂಗುವ ಇನ್ನೊಂದು ಫೋಟೋ ತೆಗೆದರು. ಫಿಲ್ಮ್ ಬೇರೆ ದ್ವೀಪಕ್ಕೆ ಹೋಯಿತು, ಯಾವ ಚಿತ್ರ ಪ್ರಸಿದ್ಧವಾಗಿದೆ ಎಂದು ಅವರಿಗೇ ಗೊತ್ತಿರಲಿಲ್ಲ. ಕೆಲ ದಿನದ ಮೇಲೆ ಯಾರೋ ‘ಫೋಟೋ ಪೋಸ್ ಮಾಡಿಸಿದ್ದೇ?’ ಎಂದು ಕೇಳಿದಾಗ ಗುಂಪಿನ ಫೋಟೋ ಬಗ್ಗೆ ಎಂದುಕೊಂಡು ಹೌದು ಅಂದುಬಿಟ್ಟರು.

ಅಷ್ಟೇ ಸಾಕಾಯಿತು. ರೇಡಿಯೋದಲ್ಲಿ ಬಂತು, ತಿದ್ದುಪಡಿಯೂ ಬಂತು. ತಿದ್ದುಪಡಿ ಎಷ್ಟು ಜನರ ಕಿವಿಗೆ ಬೀಳುತ್ತದೆ ಎಂದು ನಿಮಗೆ ಗೊತ್ತೇ ಇದೆ. ಅದೃಷ್ಟಕ್ಕೆ ರೋಸೆಂತಾಲ್ ಪಕ್ಕದಲ್ಲೇ ನಿಂತು ಬಿಲ್ ಜೆನೌಸ್ಟ್ ಎಂಬ ಸೈನಿಕ ಅದೇ ದೃಶ್ಯವನ್ನು ಚಲನಚಿತ್ರವಾಗಿ ತೆಗೆದಿದ್ದ. ಅದರಲ್ಲಿ ಕಂಬ ಎತ್ತುವುದು ತಡೆಯಿಲ್ಲದೆ ಒಂದೇ ಓಟದಲ್ಲಿ ಕಾಣುತ್ತದೆ. ಜೆನೌಸ್ಟ್ ಆ ದ್ವೀಪದಲ್ಲೇ ಮಡಿದ. ಫೋಟೋದಲ್ಲಿರುವ ಆರು ಮಂದಿಯಲ್ಲಿ ಮೂವರು ಕೂಡ. ಇಷ್ಟೆಲ್ಲ ನಿಜವಿದ್ದೂ ಹೆಸರುಗಳು ತಪ್ಪಾಗಿದ್ದವು. 2016ರಲ್ಲಿ ಒಬ್ಬರ, 2019ರಲ್ಲಿ ಇನ್ನೊಬ್ಬರ ಗುರುತನ್ನು ಅಮೆರಿಕದ ಸೇನೆ ತಿದ್ದಿತು.

ನಡುವಿನ ಜಾಗ

ಅಮೆರಿಕದ ಆರ್ಥಿಕ ಕುಸಿತದ ಕಾಲದ ‘ವಲಸೆ ತಾಯಿ’ ಫೋಟೋ ನೋಡಿರುತ್ತೀರಿ: ಚಿಂತೆಯ ಮುಖ, ಗಲ್ಲಕ್ಕೆ ಕೈ, ಭುಜಕ್ಕೆ ಮುಖ ಹುದುಗಿಸಿದ ಇಬ್ಬರು ಮಕ್ಕಳು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ ಸರ್ಕಾರಿ ಇಲಾಖೆಗಾಗಿ ಡೊರೊತಿಯಾ ಲ್ಯಾಂಗ್ ತೆಗೆದದ್ದು. ಅವರು ಡೇರೆಯತ್ತ ಹತ್ತಿರ ಹತ್ತಿರ ಹೋಗುತ್ತ ಹಲವು ಸಲ ಕ್ಲಿಕ್ ಮಾಡಿದರು. ಸಾಲಾಗಿಟ್ಟು ನೋಡಿದರೆ ದೃಶ್ಯ ಒಂದೊಂದೇ ಹೆಜ್ಜೆ ಬಿಗಿಯಾಗುವುದು, ಮಕ್ಕಳ ಜಾಗ ಬದಲಾಗುವುದು ಕಾಣುತ್ತದೆ. ಮುಂದೆ ಒಂದು ಮೂಲೆಯಲ್ಲಿದ್ದ ಹೆಬ್ಬೆರಳನ್ನೂ ಅಳಿಸಿದರು. ಹಾಗಿದ್ದರೆ ಫೇಕ್? ಹಸಿವು ನಿಜ, ಡೇರೆ ನಿಜ. ಫೋಟೋ ಪತ್ರಿಕೆಯಲ್ಲಿ ಬಂದ ಮೇಲೆ ಆ ಶಿಬಿರಕ್ಕೆ ಸರ್ಕಾರ ಆಹಾರ ಕಳಿಸಿದ್ದೂ ನಿಜ. ಆದರೆ ಅಷ್ಟರಲ್ಲಿ ಆ ಕುಟುಂಬ ಅಲ್ಲಿಂದ ಹೊರಟಾಗಿತ್ತು.

ಲ್ಯಾಂಗ್ ಆ ತಾಯಿಯ ಹೆಸರನ್ನೇ ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ಗೊತ್ತಾದದ್ದು 1978ರಲ್ಲಿ, ಪತ್ರಕರ್ತರೊಬ್ಬರು ಹುಡುಕಿಕೊಂಡು ಹೋದಾಗ. ಆ ಫೋಟೋ ತನಗೆ ಇಷ್ಟವಿರಲಿಲ್ಲ, ಅದರಿಂದ ತನಗೆ ಬಿಡಿಗಾಸೂ ಬರಲಿಲ್ಲ ಎಂದು ಆಕೆ ಹೇಳಿದರು. ಊಟಕ್ಕಾಗಿ ಕಾರಿನ ಟೈರ್ ಮಾರಿದ್ದರು ಎಂಬ ಲ್ಯಾಂಗ್ ಮಾತನ್ನೂ ಕುಟುಂಬ ಒಪ್ಪಲಿಲ್ಲ. ಇಲ್ಲೂ ಎಡವಿದ್ದು ಚಿತ್ರಕ್ಕಿಂತ ಹೆಚ್ಚಾಗಿ ಅದರ ಪಕ್ಕದ ಮಾತು.

ಈಗಿನ ಸ್ಪರ್ಧೆಗಳಲ್ಲಿ ನಿಯಮ ಬಿಗಿಯಾಗಿದೆ. ಲಂಡನ್ನಿನ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2009ರಲ್ಲಿ ಗೇಟು ಹಾರುವ ತೋಳದ ಫೋಟೋ ಗೆದ್ದಿತು. ಅದು ಸಾಕಿ ಪಳಗಿಸಿದ ತೋಳವಿರಬಹುದು ಎಂದು ತೀರ್ಪುಗಾರರು ಬಹುಮಾನ ಹಿಂಪಡೆದರು, ಛಾಯಾಗ್ರಾಹಕ ಒಪ್ಪಲಿಲ್ಲ. 2018ರಲ್ಲಿ ಅದೇ ಸ್ಪರ್ಧೆಯಲ್ಲಿ ಬ್ರೆಜಿಲ್‌ನ ಇರುವೆಭಕ್ಷಕದ ಫೋಟೋ ಅನರ್ಹವಾಯಿತು. ಪ್ರಾಣಿಯ ಮೈಯ ಗುರುತುಗಳು, ನಿಲುವು ಎಲ್ಲ ಅಭಯಾರಣ್ಯದ ಬಾಗಿಲಲ್ಲಿಟ್ಟಿದ್ದ, ಹೊಟ್ಟು ತುಂಬಿದ ಬೊಂಬೆಗೆ ಹೊಂದುತ್ತಿದ್ದವು. ಇಲ್ಲೂ ಛಾಯಾಗ್ರಾಹಕ ಆರೋಪ ನಿರಾಕರಿಸಿದರು. 2015ರ ವರ್ಲ್ಡ್ ಪ್ರೆಸ್ ಫೋಟೋ ಪ್ರಕರಣ ಇನ್ನೂ ವಿಚಿತ್ರ. ಬೆಲ್ಜಿಯಂನ ಶಾರ್ಲರ್ವಾ ಪಟ್ಟಣದ ಬಗೆಗಿನ ಚಿತ್ರಸರಣಿಯಲ್ಲಿ ಛಾಯಾಗ್ರಾಹಕ ತನ್ನ ಬಂಧುವನ್ನೇ ಬಳಸಿ ಒಂದು ದೃಶ್ಯ ತೆಗೆದಿದ್ದರು. ಅದು ದೊಡ್ಡ ಚರ್ಚೆಯಾದರೂ ಬಹುಮಾನ ಹೋದದ್ದು ಅದಕ್ಕಲ್ಲ. ಒಂದು ಫೋಟೋ ಆ ಪಟ್ಟಣದಲ್ಲಲ್ಲ, ಬ್ರಸೆಲ್ಸ್‌ನಲ್ಲಿ ತೆಗೆದದ್ದು ಎಂದು ತಿಳಿದಾಗ.

ನಿಮ್ಮ ಫೋನಿಗೆ ಬಂದಾಗ

ಫೋಟೋ ನೋಡಿದ ಮಾತ್ರಕ್ಕೆ ಪೋಸ್ ಹೌದೋ ಅಲ್ಲವೋ ಹೇಳುವುದು ಪಳಗಿದವರಿಗೂ ಕಷ್ಟ. ಕ್ಯಾಮೆರಾದತ್ತ ನೋಡುತ್ತಿಲ್ಲ, ಆದ್ದರಿಂದ ಕ್ಯಾಂಡಿಡ್ ಎನ್ನುವ ಲೆಕ್ಕ ನಡೆಯದು. ಪ್ಯಾರಿಸ್ ಜೋಡಿಯೂ ಕ್ಯಾಮೆರಾ ನೋಡುತ್ತಿಲ್ಲ. ಮೇಲಿನ ಕಥೆಗಳಲ್ಲಿ ಗುಟ್ಟು ಬಿಡಿಸಿದ್ದು ಪ್ರತಿ ಸಲವೂ ಫೋಟೋದ ಹೊರಗಿನದು: ಹಿಂದು ಮುಂದಿನ ಫ್ರೇಮ್‌ಗಳು, ಪಕ್ಕದಲ್ಲಿದ್ದ ಇನ್ನೊಬ್ಬರ ಕ್ಯಾಮೆರಾ, ಗೋಡೆಯ ಮೇಲಿನ ನೆರಳು, ಕೊನೆಗೆ ಫೋಟೋದಲ್ಲಿದ್ದವರ ಬಾಯಿಮಾತು. ಇಂದು ಯಾವುದೇ ಗಲಾಟೆ ನಡೆದರೂ ಹತ್ತಾರು ಫೋನ್ ಚಿತ್ರೀಕರಿಸುತ್ತಿರುತ್ತವೆ. ದೊಡ್ಡ ಘಟನೆಯ ಒಂದೇ ಒಂದು ಕೋನದ ಚಿತ್ರ ಮಾತ್ರ ಸುತ್ತುತ್ತಿದ್ದರೆ ಬೇರೆ ಕೋನ ಹುಡುಕಿ.

ಗೂಗಲ್ ಲೆನ್ಸ್‌ನಲ್ಲಿ ಫೋಟೋ ಹಾಕಿದರೆ ಅದು ಹಿಂದೆ ಎಲ್ಲೆಲ್ಲಿ, ಯಾವ ಹೆಸರಿನಲ್ಲಿ ಬಂದಿತ್ತು ಎಂದು ಸಿಗುತ್ತದೆ. ಆದಷ್ಟು ಹಳೆಯ ಪ್ರಕಟಣೆಯನ್ನು ತೆರೆದು, ಫೋಟೋಕ್ಕಿಂತ ಮೊದಲು ಅದರ ಅಡಿಬರಹ ಓದಿ. ಯಾರು, ಎಲ್ಲಿ, ಯಾವಾಗ, ತೆಗೆದವರು ಯಾರು ಎಂಬ ನಾಲ್ಕೂ ಅಲ್ಲಿಲ್ಲದಿದ್ದರೆ ಫಾರ್ವರ್ಡ್ ಬಟನ್ ಒತ್ತುವ ಅವಸರ ಬೇಡ.

ಮನೆಯ ಗುಂಪಿನಲ್ಲಿ ಆ ನಾವಿಕನ ಮುತ್ತು ಮತ್ತೆ ಬಂದರೆ ‘ಫೇಕ್’ ಎಂದು ಬರೆಯಬೇಡಿ, ಅದು ತಪ್ಪಾಗುತ್ತದೆ. ಹೀಗೆ ಬರೆಯಬಹುದು: ‘ಫೋಟೋ ಅಸಲಿ, 1945ರ ಆಗಸ್ಟ್ 14, ನ್ಯೂಯಾರ್ಕ್. ಅವರು ಪ್ರೇಮಿಗಳಲ್ಲ, ಆಕೆಗೆ ಅವನು ಯಾರೆಂದೇ ಗೊತ್ತಿರಲಿಲ್ಲ, ಆಕೆಯನ್ನು ಕೇಳಿಯೂ ಇರಲಿಲ್ಲ.’